ಕೇಳುವ ಕೋಣೆ

ಬೆಳಕು ಹರಿಯುವ ಮೊದಲು ಅವಳ ಕೈಯಿಂದ ಆಗಬೇಕಾದವು ಇವು: ಹಾಲು ಕಾಯಿಸುವುದು, ಅದು ಉಕ್ಕದಂತೆ ಒಂದು ಕಣ್ಣಿಟ್ಟುಕೊಂಡೇ ಬಟ್ಟೆಗಳನ್ನು ಮೆಷಿನ್ನಿಗೆ ತುಂಬುವುದು, ಅತ್ತೆಯ ಮಾತ್ರೆಗಳನ್ನು ಬಿಡಿಸಿ ಬಟ್ಟಲಿಗೆ ಹಾಕುವುದು, ಮಗಳ ಒದ್ದೆ ಕಾಲುಚೀಲಗಳನ್ನು ಫ್ರಿಜ್ಜಿನ ಹಿಂದಿನ ಬೆಚ್ಚನೆಯ ಜಾಲರಿಗೆ ನೇತುಹಾಕುವುದು, ಮೂರು ಡಬ್ಬಿ ತುಂಬುವುದು, ಗಂಡ ಹಿಂದಿನ ದಿನ ಎಲ್ಲೋ ಇಟ್ಟು ಮರೆತ ಕನ್ನಡಕವನ್ನು ಹುಡುಕಿ, ಅವನು ಅದನ್ನು ಹುಡುಕುವ ಜಾಗದಲ್ಲಿ ಇಡುವುದು. ಕೊನೆಯದನ್ನು ಆ ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸಿದವರಲ್ಲ. ತನ್ನ ಕನ್ನಡಕ ಬಲು ನಿಯತ್ತಿನದು ಎಂದೇ ಅವನು ನಂಬಿದ್ದ.

ಆರೂಕಾಲಕ್ಕೆ ಅವಳು ಮನೆಯಿಂದ ಹೊರಬೀಳುತ್ತಿದ್ದಳು. ಮೊದಲ ಬಸ್ಸು, ನಿದ್ದೆಗಣ್ಣಿನ ರಸ್ತೆ, ಆಮೇಲೆ ಕಣ್ಣಿನ ಆಸ್ಪತ್ರೆ. ಆಸ್ಪತ್ರೆ ಮುಚ್ಚಿದ್ದಾಗ ಫೋನ್ ಮಾಡಿದವರು ವಾಯ್ಸ್‌ಮೇಲಿನಲ್ಲಿ ಬಿಟ್ಟುಹೋದ ಮಾತುಗಳನ್ನು ಕೇಳಿ, ಯಾರು, ಏನು, ಎಷ್ಟು ತುರ್ತು ಎಂದು ಪುಸ್ತಕದಲ್ಲಿ ಬರೆದು ಎಂಟು ಗಂಟೆಗೆ ಡಾಕ್ಟರ ಮೇಜಿನ ಮೇಲಿಡುವುದು ಅವಳ ಕೆಲಸ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಟೈಪ್ ಮಾಡಲಾರರು, ಮಾತಾಡುತ್ತಾರೆ. “ಇಷ್ಟು ದೊಡ್ಡ ಕಣ್ಣಿನಾಸ್ಪತ್ರೆಗೆ ಇರೋದು ಒಂದೇ ಕಿವಿ, ಅದೂ ಇವರದು” ಎಂದು ನರ್ಸೊಬ್ಬಳು ತಮಾಷೆ ಮಾಡಿದ್ದೇ ನೆಪವಾಗಿ ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ ಆಗಿಬಿಟ್ಟಳು.

ಹನ್ನೆರಡು ವರ್ಷದಿಂದ ಅವಳು ಕೂತು ಕೇಳುತ್ತಿದ್ದುದು ಮೆಟ್ಟಿಲಿನ ಕೆಳಗಿನ ಕಿರುಕೋಣೆಯಲ್ಲಿ. ಒಂದು ಕುರ್ಚಿ, ಒಂದು ಮೇಜು, ಕಣ್ಣು ಪರೀಕ್ಷೆಗೆ ಬಳಸುತ್ತಿದ್ದ, ಗೋಡೆಗೊರಗಿಸಿದ ಹಳೆಯ ಅಕ್ಷರಫಲಕ, ಅಂಗೈಯಗಲದ ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಅವಳ ಮನೆಯಲ್ಲಿ ಹೀಗೆ ಒಳಚಿಲಕ ಹಾಕಿಕೊಂಡು ಒಬ್ಬಳೇ ಇರಬಹುದಾದ ಜಾಗವೆಂದರೆ ಬಚ್ಚಲು. ಅಲ್ಲಿಗೂ “ಅಮ್ಮಾ, ನನ್ನ ಟವೆಲ್ ಎಲ್ಲಿ” ಎಂಬ ದನಿ ಬಾಗಿಲ ಸಂದಿಯಿಂದ ತೂರಿಬರುತ್ತಿತ್ತು.

ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರೆ ಅವಳು ಬೇರೆಯವರ ಮನೆಗಳೊಳಗೆ ಮೆಲ್ಲಗೆ ಇಳಿಯುತ್ತಿದ್ದಳು. ಒಬ್ಬಾಕೆಯ ಮಾತಿನ ಹಿಂದೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಇನ್ನೊಬ್ಬನ ಮನೆಯ ಗಡಿಯಾರ ಕುಂಟುತ್ತ ನಡೆಯುತ್ತಿತ್ತು. ಯಾರೋ ಮಾತು ನಿಲ್ಲಿಸಿ ಉಸಿರೆಳೆದುಕೊಂಡರೆ ಆ ಉಸಿರಿನ ಅಂಗಳದಲ್ಲಿ ಅವಳೂ ನಿಂತು ಕಾಯುತ್ತಿದ್ದಳು. ಕಾದಿದ್ದಕ್ಕೆ ಒಂದಲ್ಲ ಒಂದು ಸಿಗುತ್ತಿತ್ತು. ಪುಸ್ತಕದಲ್ಲಿ ಹೀಗೆ ಬರೆಯುತ್ತಿದ್ದಳು: “ಬರುವುದಿಲ್ಲ ಎಂದಿದ್ದಾರೆ. ಬರುವ ಮನಸ್ಸಿದೆ. ಕರೆತರುವವರಿಲ್ಲ.” ಡಾಕ್ಟರು ಆ ಮೂರನೆಯ ವಾಕ್ಯವನ್ನೇ ಮೊದಲು ಓದುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಯ ಫೋನನ್ನೂ ವೆಬ್‌ಮೇಲನ್ನೂ ಜೋಡಿಸಿದರು. ಇನ್ನು ಮೇಲೆ ಬಂದ ಪ್ರತಿ ಮಾತೂ ಒಂದೊಂದು ಇಮೇಲ್ ಆಗಿ ಬೀಳುತ್ತದೆ, ಜೊತೆಗೆ ದನಿಯ ಫೈಲು, ಕೆಳಗೆ ಕಂಪ್ಯೂಟರೇ ಬರೆದ ಅಕ್ಷರರೂಪ. ಇನ್ನೂ ಕೇಳದ ಇಮೇಲ್ ದಪ್ಪಕ್ಷರದಲ್ಲಿರುತ್ತದೆ, ಕೇಳಿದ ಮೇಲೆ ತೆಳ್ಳಗಾಗುತ್ತದೆ. ಆಸ್ಪತ್ರೆಯ ಮ್ಯಾನೇಜರ್ ಮೇಡಂ ಅವಳ ಫೋನಿಗೂ ಆ ಖಾತೆ ಹಾಕಿಸಿಕೊಟ್ಟರು.

“ನೀವಿನ್ನು ಕತ್ತಲಲ್ಲಿ ಎದ್ದು ಓಡಿ ಬರೋದು ಬೇಡ ಕಿವಿಯಕ್ಕ. ಮನೇಲಿ ಕೆಲಸ ಮಾಡ್ಕೊಂಡೇ ಕೇಳಿಬಿಡಿ.”

“ಯಾವ ಕೆಲಸ ಮಾಡ್ಕೊಂಡು ಮೇಡಂ?”

“ಯಾವುದಾದ್ರೂ. ನಾನೂ ಒಲೆ ಮುಂದೇನೇ ಮೇಲ್ ನೋಡ್ತೀನಿ. ಒಂದು ಸಲ ಸೌಟಿನಲ್ಲೇ ರಿಪ್ಲೈ ಒತ್ತಕ್ಕೆ ಹೋಗಿದ್ದೆ.”

ಇಬ್ಬರೂ ನಕ್ಕರು.

ಬೆಳಗಿನ ಒಂದೂಕಾಲು ಗಂಟೆ ಉಳಿಯಿತೆಂದು ಅವಳಿಗೂ ಹಿಗ್ಗಾಗಿತ್ತು. ಮನೆಗೆ ತಂದಳಷ್ಟೆ, ಅದು ನೀರಿಗೆ ಬಿದ್ದ ಸಕ್ಕರೆಯಂತೆ ಕರಗಿತು. “ಹೇಗೂ ಮನೇಲೇ ಇರ್ತೀಯಲ್ಲ, ಶರ್ಟಿಗೊಂದು ಇಸ್ತ್ರಿ ಹಾಕಿಬಿಡು” ಎಂದ ಗಂಡ. “ಹೇಗೂ ಇರ್ತೀಯಲ್ಲಮ್ಮ, ಜಡೆ ಹಾಕು” ಎಂದಳು ಮಗಳು. ‘ಹೇಗೂ’ ಎಂಬುದು ಮನೆಗೆ ಬಂದ ಹೊಸ ನೆಂಟನಂತೆ ಠಿಕಾಣಿ ಹೂಡಿತು. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಒಗ್ಗರಣೆಯ ಚಟಪಟದೊಳಗೆ ಯಾರದೋ ಉಸಿರು ಹುಡುಕುತ್ತಿದ್ದಳು.

ಅತ್ತೆ ಮಾತ್ರ ಒಂದು ದಿನ ಲೋಟ ಹಿಡಿದುಕೊಂಡು ಅವಳನ್ನೇ ನೋಡಿದರು.

“ಮುಂಚೆ ನೀನು ಮುಚ್ಚಿಟ್ಟು ಹೋಗ್ತಿದ್ದೆ, ನಾನು ಆರಿದ ಟೀ ಕುಡೀತಿದ್ದೆ. ಈಗ ಬಿಸಿಬಿಸಿ ಕೊಡ್ತೀಯ. ಆದ್ರೆ ಕಣೇ, ಮನೇಲಿದ್ರೂ ನೀನು ಇಲ್ಲ.”

“ಏನಂದ್ರಿ ಅತ್ತೆ?” ಎಂದಳು, ಒಂದು ಕಿವಿಯಿಂದ ಇಯರ್‌ಫೋನ್ ತೆಗೆದು.

“ನೋಡಿದೆಯಾ” ಎಂದರು ಅತ್ತೆ.

ಎರಡನೆಯ ವಾರದ ಗುರುವಾರ ಅವಳು ಎಂಟಕ್ಕೆ ಸ್ವಲ್ಪ ಮೊದಲು ಆಸ್ಪತ್ರೆಗೆ ಬಂದಾಗ ಹೊರಗಿನ ಮೆಟ್ಟಿಲ ಮೇಲೆ ಒಬ್ಬ ಮುದುಕ ಕೂತಿದ್ದ. ವಾರದ ಹಿಂದೆ ಬಲಗಣ್ಣಿನ ಆಪರೇಷನ್ ಆಗಿದ್ದ ದರ್ಜಿ. ಕಣ್ಣಿನ ಪಟ್ಟಿ ಒದ್ದೆಯಾಗಿ ಕೆನ್ನೆಯವರೆಗೆ ಜಾರಿತ್ತು.

“ನಿನ್ನೆ ಫೋನ್ ಮಾಡಿದ್ದೆ ತಾಯಿ. ಟುಂಯ್ ಅಂತು. ಯಾರಿಗೋ ಮುಟ್ಟಿತು ಅಂದ್ಕೊಂಡೆ. ಬೆಳಗಾಗೋ ತನಕ ಯಾರಾದ್ರೂ ಕರೀತಾರೆ ಅಂತ ಕಾದೆ. ಕರೀಲಿಲ್ಲ, ಬಸ್ ಹತ್ತಿ ಬಂದುಬಿಟ್ಟೆ.”

ಅವಳು ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಬಂದದ್ದು ಒಳ್ಳೆಯದಾಯಿತು, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಅಷ್ಟು ಕೇಳಿ ಅವಳು ಕಿರುಕೋಣೆಗೆ ಬಂದು ಕಂಪ್ಯೂಟರ್ ತೆರೆದಳು. ದರ್ಜಿಯ ಇಮೇಲ್ ಅಲ್ಲೇ ಇತ್ತು, ತೆಳ್ಳಗಿನ ಅಕ್ಷರದಲ್ಲಿ. ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ಮುಂದೆ ಅದು ತನ್ನ ಪಾಡಿಗೆ ಓಡಿ ಮುಗಿದು, ‘ಕೇಳಿದ್ದು’ ಆಗಿತ್ತು. ಕೆಳಗಿನ ಅಕ್ಷರರೂಪವನ್ನಷ್ಟೇ ಅವಳು ಓದಿದ್ದಳು: “ಏನೂ ತೊಂದರೆ ಇಲ್ಲ. ಸುಮ್ಮನೆ ಫೋನ್ ಮಾಡಿದೆ.”

ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದಳು. ಏನೂ ತೊಂದರೆ ಇಲ್ಲ. ಸುಮ್ಮನೆ ಫೋನ್ ಮಾಡಿದೆ. ಆಮೇಲೆ ನಲವತ್ತು ಸೆಕೆಂಡು ಮೌನ. ಅದರೊಳಗೆ ಪುಟ್ಟ ಬಾಟಲಿಯ ಮುಚ್ಚಳ ತಿರುಗಿಸುವ ಸದ್ದು. ಕಣ್ಣಿನ ಹನಿ ಹಾಕಿಕೊಳ್ಳಲು ಹೋಗಿ ತಡೆದ ಉಸಿರು. ಬಾಟಲಿ ನೆಲಕ್ಕೆ ಬಿದ್ದು ಉರುಳಿ ಉರುಳಿ ಗೋಡೆಗೆ ತಾಗಿದ ಸದ್ದು. ಎಷ್ಟು ಅಚ್ಚುಕಟ್ಟಾದ ಕೋಣೆ, ಉರುಳುವ ಬಾಟಲಿಗೆ ಅಡ್ಡ ಬರಲು ಒಂದು ಚಪ್ಪಲಿಯೂ ಇಲ್ಲ. ಅವಳು ಆ ಬರಿನೆಲದ ಮೇಲೆ ಬಹಳ ಹೊತ್ತು ನಿಂತಿದ್ದಳು.

ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು.

“ದರ್ಜಿ ವಿಷಯ ಗೊತ್ತಾಯ್ತು. ನಿಮ್ಮ ತಪ್ಪು ಅಂತ ಹೇಳ್ತಿಲ್ಲ. ಎಂಟಕ್ಕೆ ಪುಸ್ತಕ ಮೇಜಿನ ಮೇಲಿದ್ರೆ ಸಾಕು, ಎಲ್ಲಿ ಕೂತು ಕೇಳ್ತೀರೋ ನಿಮ್ಮಿಷ್ಟ. ಆದ್ರೆ ಈ ರೂಮು ಖಾಲಿ ಬಿದ್ದಿದೆಯಲ್ಲ, ಕನ್ನಡಕದ ಅಂಗಡಿಯವರು ಫ್ರೇಮಿನ ಡಬ್ಬ ಇಡಕ್ಕೆ ಕೇಳ್ತಿದಾರೆ. ನಿಮಗೆ ಬೇಕೋ ಬೇಡ್ವೋ, ಸಂಜೆಯೊಳಗೆ ಹೇಳಿಬಿಡಿ.”

“ಮನೇಲಿ ಕೇಳ್ಕೊಂಡು ಹೇಳ್ಲಾ ಮೇಡಂ?”

ಮೇಡಂ ಅಕ್ಷರಫಲಕದ ಧೂಳನ್ನು ಬೆರಳಿನಿಂದ ಒರೆಸಿ ಹೋದರು.

ಕಿಟಕಿಯ ಅಂಗೈಯಗಲದ ಬಿಸಿಲು ಮೇಜಿನಿಂದ ಅವಳ ಮಡಿಲಿಗೆ ಇಳಿಯುವವರೆಗೆ ಅವಳು ಅಲ್ಲೇ ಕೂತಿದ್ದಳು. ಮನೆಯಲ್ಲಿ ಏನನ್ನುತ್ತಾರೆಂದು ಕೇಳುವ ಅಗತ್ಯವೇ ಇರಲಿಲ್ಲ, ಎಲ್ಲರ ದನಿಯೂ ಬಾಯಿಪಾಠವಾಗಿತ್ತು. ಸಿಕ್ಕ ಆರಾಮ ಬಿಟ್ಟು ಯಾರಾದ್ರೂ ಕತ್ತಲಲ್ಲಿ ಬಸ್ ಹಿಡೀತಾರಾ, ಎನ್ನುತ್ತಾನೆ ಗಂಡ. ಜಡೆ ಯಾರು ಹಾಕ್ತಾರೆ, ಎನ್ನುತ್ತಾಳೆ ಮಗಳು. ಅತ್ತೆ ಏನೂ ಅನ್ನುವುದಿಲ್ಲ. ಆರಿದ ಟೀ ಕುಡಿಯುತ್ತಾರೆ. ಅಥವಾ ತಾವೇ ಬಿಸಿ ಮಾಡಿಕೊಳ್ಳುತ್ತಾರೆ, ಕೈಲಾಗದವರೇನಲ್ಲ. ಅವರೆಲ್ಲರ ದನಿಗಳ ನಡುವೆ ಕಾದು ನೋಡಿದಳು. ತನ್ನದೊಂದು ಇರಬೇಕಲ್ಲ ಎಂದು. ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಫೋನ್ ತೆಗೆದು ಸೆಟ್ಟಿಂಗ್ಸ್ ತೆರೆದಳು. ‘ಈ ಫೋನಿನಿಂದ ಈ ಖಾತೆಯನ್ನು ತೆಗೆದುಹಾಕಬೇಕೆ?’ ಎಂದು ಅದು ಕೇಳಿತು. ಅವಳು ‘ಹೌದು’ ಒತ್ತುವ ಮೊದಲು, ಇವತ್ತು ಬೆಳಿಗ್ಗೆ ಟೀವಿಯ ಹಿಂದೆ ಸಿಕ್ಕಿದ್ದ ಗಂಡನ ಕನ್ನಡಕ ನೆನಪಾಯಿತು. ನಾಳೆಯೂ ಅದು ಎಲ್ಲೋ ಒಂದು ಕಡೆ ಇರುತ್ತದೆ. ಇಟ್ಟವರೇ ಹುಡುಕಲಿ.

ಒತ್ತಿದಳು. ಎದ್ದು ಬಾಗಿಲು ಹಾಕಿಕೊಂಡು, ಒಳಗಿನಿಂದ ಚಿಲಕ ಸರಿಸಿದಳು. ಕುರ್ಚಿಗೆ ಮರಳಿ, ಕಂಪ್ಯೂಟರಿನಲ್ಲಿ ದರ್ಜಿಯ ಮೇಲನ್ನು ಮತ್ತೆ ‘ಕೇಳಿಲ್ಲ’ ಎಂದು ಗುರುತು ಮಾಡಿದಳು. ಅವನ ಹೆಸರು ದಪ್ಪಗಾಯಿತು. ಆ ಎರಡು ವಾರಗಳಲ್ಲಿ ಬಂದಿದ್ದ ಮಿಕ್ಕ ಎಲ್ಲ ಮೇಲುಗಳನ್ನೂ ಒಂದೊಂದಾಗಿ ಹಾಗೇ ದಪ್ಪಗೆ ಮಾಡಿ, ಹೆಡ್‌ಫೋನ್ ಹಾಕಿ, ಮೊದಲನೆಯದರಿಂದ ಕೇಳಲು ಶುರುಮಾಡಿ ಕಣ್ಣು ಮುಚ್ಚಿದಳು.