ಸರ್ವೆ ಜವರಪ್ಪನವರ ಉಸಿರು

ಕೆ.ಆರ್. ಪೇಟೆ ಕಡೆಯ ಕೆರೆಗಳ ನಕ್ಷೆ ತೆಗೆಯಲು ತೊಂಬತ್ತೆಂಟರಲ್ಲಿ ಜಿಪಿಎಸ್ ಯಂತ್ರ ಬಂದಾಗ, ಮೂವತ್ತು ವರ್ಷ ಸರಪಳಿ ಎಳೆದು ಹೊಲ ಅಳೆದಿದ್ದ ಸರ್ವೆ ಜವರಪ್ಪನವರು ಅದನ್ನು ಹೊಸ ಅಮಲ್ದಾರರಂತೆ ನಡೆಸಿಕೊಂಡರು. ಎದುರಿಗೆ ಕೈಮುಗಿತ, ಒಳಗೊಳಗೇ ಅನುಮಾನ. ಅದರ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಮೊದಲು ಟವೆಲ್ಲಿನಿಂದ ಪಿನ್ನು ಒರೆಸಿ, ಚಪ್ಪಲಿ ಕಳಚಿ, "ಕೂಡ್ಕಳಪ್ಪಾ" ಎಂದು ಬೇಡಿಕೊಳ್ಳುತ್ತಿದ್ದರು. ಕಂಪ್ಯೂಟರಿನ ನಕ್ಷೆಯ ಮೇಲೆ ತಾವು ನಿಂತ ಜಾಗ ತೋರಿಸುವ ಚುಕ್ಕಿ ಐವತ್ತು ಗಜ ಆಚೀಚೆ ಅಲೆಯುವುದು ಆ ಕಾಲದ ಯಂತ್ರದ ಗುಣ. ಜವರಪ್ಪನವರು ಮಾತ್ರ ಅದು ತಮ್ಮ ಮೈ ಅಲುಗಾಟದಿಂದಲೇ ಎಂದು ನಂಬಿ, ಎಲೆಅಡಿಕೆ ಉಗಿದು, ಉಸಿರು ಬಿಗಿಹಿಡಿದು ಕಂಬದಂತೆ ನಿಲ್ಲುತ್ತಿದ್ದರು. ಸುತ್ತ ನೆರೆದ ರೈತರಿಗೂ ಅಪ್ಪಣೆ: "ಯಾರೂ ಕೆಮ್ಬ್ಯಾಡಿ ಕಣ್ರಲಾ, ಮೇಲಿಂದ ನೋಡ್ತಾವ್ರೆ!" ಸಂಜೆ ಕೆಲಸ ಮುಗಿದ ಮೇಲೆ, ಕೆರೆಗಳ ಪಟ್ಟಿಯಲ್ಲಿಲ್ಲದ ಒಂದು ಜಾಗಕ್ಕೆ, ಗೋವಿಂದನಹಳ್ಳಿಯ ಒಂದು ಬದುವಿಗೆ, ತಪ್ಪದೆ ಹೋಗುತ್ತಿದ್ದರು. ಹಿಂದೆ ಆ ಊರಿನ ಇಬ್ಬರು ಅಣ್ಣತಮ್ಮಂದಿರ ಹೊಲಗಳ ನಡುವೆ ತಾವೇ ಅಳೆದು ನೆಡಿಸಿದ ಗಡಿಕಲ್ಲು ಅಲ್ಲಿತ್ತು. ತಮ್ಮನೇ ಅದನ್ನು ಸರಿಸಿದನೆಂದು ಮುನಿದ ಅಣ್ಣ ಹದಿನೆಂಟು ವರ್ಷದಿಂದ ಅವನೊಡನೆ ಮಾತು ಬಿಟ್ಟಿದ್ದ. ಕಲ್ಲಿನ ಮೇಲೆ ಯಂತ್ರವಿಟ್ಟರೆ ಚುಕ್ಕಿ ಒಂದು ದಿನ ಅಣ್ಣನ ಹೊಲದೊಳಗೆ, ಮರುದಿನ ತಮ್ಮನ ಹೊಲದೊಳಗೆ. ಏಳನೆಯ ಸಂಜೆ ಜವರಪ್ಪನವರು ಹಿಡಿದ ಉಸಿರು ಬಿಟ್ಟರು. "ಮೇಲಿಂದ ನೋಡೋ ನಿಂಗೂ ತಪ್ತದೆ, ಬುಡ್ಲಾ" ಎಂದು ಯಂತ್ರದ ಬೆನ್ನು ಸವರಿ, ವೈರು ಸುತ್ತಿಟ್ಟು, ಸೀದಾ ಅಣ್ಣನ ಮನೆ ಬಾಗಿಲಿಗೆ ಹೋಗಿ ನಿಂತರು: "ನಿನ್ ತಮ್ಮ ಕಲ್ಲು ಸರಿಸ್ಲಿಲ್ಲ ಕಣಪ್ಪಾ. ಅಳೆಯೋದ್ರಲ್ಲಿ ನಾನೇ ತಪ್ಪಿವ್ನಿ."