ಸಮುದ್ರ ತುಂಬಿದ ಉಡಿ

ತೆರೆ ಹಿಂದಕ್ಕೆ ಸರಿದಾಗ ನನ್ನ ಮಡಿಲಲ್ಲಿ ಒದ್ದೆಯಾದ ಹಸಿರು ಖಣ, ಒಂದು ತೆಂಗಿನಕಾಯಿ ಇದ್ದವು. ಆಗಷ್ಟೇ ನನ್ನ ಸೊಸೆ, ಸಮುದ್ರವೇ ಗಂಗವ್ವತಾಯಿ ಎಂದು ಉಡಿ ತುಂಬಿ ನೀರಿಗೆ ಬಿಟ್ಟಿದ್ದೂ ಅವನ್ನೇ.

ಬೆಳಿಗ್ಗೆ ಕಿತ್ತೂರು ಕೋಟೆಯ ಹಾಳುಗೋಡೆಗಳನ್ನು ನೋಡಿ, ಮನೆಮಂದಿಯೆಲ್ಲ ಅದೇ ಗಾಡಿಯಲ್ಲಿ ಕಾರವಾರದ ದಂಡೆಗೆ ಬಂದಿದ್ದೆವು. ನಾನು ಗಂಡ ಸತ್ತವಳು. ಹದಿನೆಂಟು ವರ್ಷದಿಂದ ಯಾರೂ ನನಗೆ ಉಡಿ ತುಂಬಿಲ್ಲ, ನಾನೂ ಕೇಳಿಲ್ಲ. ಅದಕ್ಕೇ ಹೆಂಗಸರಿಂದ ದೂರ, ನೀರಿನಂಚಿಗೆ ಕಾಲು ಚಾಚಿ ಕುಳಿತಿದ್ದೆ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗಿದೆಯೋ ತಿಳಿಯುತ್ತಿರಲಿಲ್ಲ. ಬಿಸಿಲು ಹಾಲು ಬೆರೆಸಿದ ಹಾಗಿತ್ತು. ನಿದ್ದೆಯಲ್ಲಿದ್ದೇನೋ ಏನೋ ಎಂದು ಕಾಯಿ ಮುಟ್ಟಿ ನೋಡಿದೆ. ತಣ್ಣಗಿತ್ತು.

ಮೈದುನನ ಹೆಂಡತಿ ಓಡಿ ಬಂದಳು. “ಯಕ್ಕಾ, ತಿರುಗಿ ನೀರಿಗೆ ಒಗಿ ಅದನ್ನ! ನೀ ಇಟ್ಕೊಂಡ್ರ ಜನ ಏನಂದಾರು?”

ಎಸೆಯಲೆಂದು ಕೈ ಎತ್ತಿದೆ. ಸೊಸೆ ಕೈ ಹಿಡಿದಳು. “ಅತ್ತಿ, ಒಗೀಬ್ಯಾಡ್ರಿ. ಇಷ್ಟು ಮಂದ್ಯಾಗ ಗಂಗವ್ವ ನಿಮ್ಮನ್ನ ಹುಡುಕಿ ಉಡಿ ತುಂಬ್ಯಾಳ.”

“ನೀರಿಗೇನ್ ಗೊತ್ತಾಗತೈತಿ, ಹುಚ್ಚಿ,” ಎಂದೆ. ಎಂದವಳೇ ಎರಡನ್ನೂ ಸೆರಗಿಗೆ ಕಟ್ಟಿಕೊಂಡೆ.

ಮನೆಗೆ ಬಂದು ಕಾಯಿ ಒಡೆದು ಚಟ್ನಿ ಮಾಡಿದೆ. ಖಣದಲ್ಲಿ ಕುಪ್ಪಸ ಹೊಲಿಸಿದೆ. ಮೊನ್ನೆ ಅದನ್ನು ತೊಟ್ಟು ಬೈಲಹೊಂಗಲದ ಸಂತೆಗೆ ಹೋದೆ. ಯಾರಾದರೂ ಕೇಳಲಿ, ಸಮುದ್ರ ಕೊಟ್ಟಿದ್ದು ಎಂದು ಹೇಳೋಣ ಎಂದು ಸಂತೆಯೆಲ್ಲ ತಿರುಗಿದೆ. ಯಾರೂ ಕೇಳಲಿಲ್ಲ.