ಅಪ್ಪ ಇಲ್ಲದ ವಂಶವೃಕ್ಷ

ನನ್ನ ಹತ್ತಿರ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇದೆ. ಅದರ ಬೆನ್ನಿಗೆ ನಮ್ಮ ಕುಟುಂಬದ ವಂಶವೃಕ್ಷವನ್ನು ಬರೆದವಳು ನಾನೇ. ಎಪ್ಪತ್ತರ ದಶಕದ ಮೊದಲ ವರ್ಷಗಳು, ನಾನು ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದೆ. ರಜೆಯಲ್ಲಿ ಆಲಂಕಾರಿನ ಮನೆಗೆ ಬಂದಾಗ ಸೋದರಮಾವನ ಮರದ ಪೆಟ್ಟಿಗೆಯಲ್ಲಿ ಹಳೆಯ ಪಾಲುಪತ್ರವೊಂದು ಕಣ್ಣಿಗೆ ಬಿತ್ತು. ಯಾರಿಗೆ ಯಾವ ಗದ್ದೆ ಎಂಬುದು ನನಗೆ ಬೇಕಿರಲಿಲ್ಲ, ಅದರಲ್ಲಿದ್ದ ಹೆಸರುಗಳು ಬೇಕಿದ್ದವು. ಊರಿನ ಮುದುಕಿಯರನ್ನೆಲ್ಲ ಕಾಡಿ ಬೇಡಿ ಏಳು ತಲೆಮಾರು ಹಿಂದಕ್ಕೆ ಹೋದೆ.

"ಇವಳಿಗೆ ಬದುಕಿದವರು ಬೇಡ, ಸತ್ತವರೇ ಆಗಬೇಕು" ಎಂದು ಮಾವ ತಮಾಷೆ ಮಾಡುತ್ತಿದ್ದರು.

ನಮ್ಮದು ಅಳಿಯಕಟ್ಟಿನ ಸಂಸಾರ. ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ವಂಶಕ್ಕೆ ಸೇರಿದವರು. ಆಸ್ತಿ ಹೋಗುವುದೂ ಹಾಗೆಯೇ, ಮದುವೆಗೆ ಮೊದಲು ವಿಚಾರಿಸುವುದೂ ಅದನ್ನೇ. ಹಾಗಾಗಿ ನನ್ನ ಹಾಳೆಯಲ್ಲಿ ಹೆಂಗಸರ ಹೆಸರಿನ ಕೆಳಗೆ ಮಾತ್ರ ಗೆರೆಗಳು ಇಳಿಯುತ್ತಿದ್ದವು. ಗಂಡಸರ ಹೆಸರು ಬಂದಲ್ಲಿ ಗೆರೆ ನಿಲ್ಲುತ್ತಿತ್ತು, ಅವರ ಮಕ್ಕಳು ಅವರ ಹೆಂಡತಿಯ ಕುಟುಂಬದ ಲೆಕ್ಕ. ಮದುವೆಯಾಗಿ ಬಂದ ಗಂಡಂದಿರಂತೂ ಎಲ್ಲಿಯೂ ಇರಲಿಲ್ಲ. ನನ್ನ ಅಪ್ಪನೂ ಇರಲಿಲ್ಲ. ಇಷ್ಟೆಲ್ಲ ಕೆದಕುವ ಸ್ವಭಾವದವಳಿಗೆ ಅದೊಂದು ಕೊರತೆ ಎಂದು ಅನ್ನಿಸಲೇ ಇಲ್ಲ.

ಅಪ್ಪ ಲಾರಿ ಓಡಿಸುತ್ತಿದ್ದರು. ನನಗೆ ಎಂಟು ವರ್ಷ, ತಮ್ಮನಿಗೆ ಆರು ಆಗಿದ್ದಾಗ ಸಂಪಾಜೆ ಘಾಟಿಯ ಒಂದು ತಿರುವಿನಲ್ಲಿ ಲಾರಿ ಮಗುಚಿ ತೀರಿಹೋದರು. ಅವರಿಗೆ ಆಗ ಮೂವತ್ತೆರಡು. ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ಆಲಂಕಾರಿನ ತವರಿಗೆ ಬಂದರು. ಅಪ್ಪನ ಮನೆ ಇದ್ದದ್ದು ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ಮೊದಮೊದಲು ಮದುವೆ, ಸತ್ತವರ ಬೊಜ್ಜ ಎಂದು ಹೋಗುತ್ತಿದ್ದೆವು, ಆಮೇಲೆ ಅದೂ ನಿಂತಿತು.

ಎಂಬತ್ತರ ದಶಕದ ನಡುವಿಗೆ ನಾನು ಕಡಬದಲ್ಲಿ ಹೈಸ್ಕೂಲು ವಿಜ್ಞಾನದ ಟೀಚರಾಗಿದ್ದೆ. ತಮ್ಮ ಅದೇ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅವನಿಗೆ ಮದುವೆಯಾಗಿ ನಾಲ್ಕು ವರ್ಷದ ಮಗಳಿದ್ದಳು. ಒಂದು ದಿನ ಅವನ ಹೆಂಡತಿ ನನ್ನನ್ನು ಅಡಿಗೆಮನೆಗೆ ಕರೆದು, ಇವರಿಗೆ ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿದೆ, ಯಾರಿಗೂ ಹೇಳಬೇಡ ಎಂದಿದ್ದಾರೆ ಎಂದಳು. ನಾನು ಆ ಕ್ಷಣವೇ ಹೊರಗೆ ಬಂದು ಅವನಿಗೆ ಹೇಳಿಬಿಟ್ಟೆ.

"ಪೈಲ್ಸ್ ಅಕ್ಕ, ಮತ್ತೆಂತ ಇಲ್ಲ. ದಿನವಿಡೀ ಸ್ಟೂಲಿನಲ್ಲಿ ಕೂತು ಬೆಸುಗೆ ಹಾಕುವವನಿಗೆ ಮತ್ತೆಂತ ಬರುದು?"

ಪುತ್ತೂರಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ವಯಸ್ಸಾದ, ನಿಧಾನದ ಡಾಕ್ಟರು. ಪರೀಕ್ಷೆ ಮಾಡಿ, ಕೈ ತೊಳೆಯುತ್ತಾ ಕೇಳಿದರು: "ನಿಮ್ಮ ಕುಟುಂಬದಲ್ಲಿ ಬೇರೆ ಯಾರಿಗಾದ್ರೂ ಹೊಟ್ಟೆಯ ಖಾಯಿಲೆ, ಕರುಳಿನ ಗಡ್ಡೆ, ಅಂಥದ್ದು ಉಂಟಾ?"

ತಮ್ಮ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. "ಇಲ್ಲ ಡಾಕ್ಟ್ರೇ. ಏಳು ತಲೆಮಾರು ನಾನೇ ಬರೆದಿಟ್ಟಿದ್ದೇನೆ. ನಮ್ಮಲ್ಲಿ ಹೆಚ್ಚಿನವರು ಎಂಬತ್ತು ದಾಟಿದವರೇ."

ಎಷ್ಟು ಹೆಮ್ಮೆಯಿಂದ ಹೇಳಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಡಾಕ್ಟರು ನಕ್ಕು, ವಯಸ್ಸೂ ಚಿಕ್ಕದು, ಮೂಲವ್ಯಾಧಿಯೇ ಇರಬೇಕು ಎಂದು ಮುಲಾಮು ಬರೆದರು. ಖಾರ ಬಿಡಿ, ಕಡಿಮೆಯಾಗದಿದ್ದರೆ ಬನ್ನಿ ಎಂದರು. ತಪ್ಪು ಅವರದ್ದಲ್ಲ. ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ನಾಲ್ಕು ತಿಂಗಳಲ್ಲಿ ತಮ್ಮನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು. ಮುಖ ಬಿಳಿಚಿಕೊಂಡಿತು. ಕಡಿಮೆಯಾಗದಿದ್ದರೆ ಬನ್ನಿ ಎಂದದ್ದನ್ನು ನೆನಪಿಸಿದರೆ, ಈ ವಾರ ಹೋಗುವ, ಮುಂದಿನ ವಾರ ಹೋಗುವ ಎನ್ನುತ್ತಿದ್ದ. ನನ್ನ ಬಾಡಿಗೆ ಮನೆಯ ಪಕ್ಕದ ಕೋಣೆಯಲ್ಲಿ ಒಬ್ಬರು ನರ್ಸ್ ಇದ್ದರು. ಕೇರಳದಿಂದ ಬಂದು ನೆಲ್ಯಾಡಿಯ ಕಡೆ ರಬ್ಬರು ಹಾಕಿದ ಕ್ರಿಶ್ಚಿಯನ್ ಮನೆಯವರು. ಒಂದು ಸಂಜೆ ಅವರ ಹತ್ತಿರ ತಮ್ಮನ ಸಂಕಟ ತೋಡಿಕೊಂಡೆ.

"ನಿಮ್ಮ ಅಪ್ಪನ ಕಡೆಯವರು ಎಂತದರಲ್ಲಿ ತೀರಿಹೋದ್ದು ಟೀಚರೇ?"

"ಅದು ಬೇರೆ ಕುಟುಂಬ ಸಿಸ್ಟರ್."

"ಬೇರೆ ಕುಟುಂಬವಾ? ಅಪ್ಪನ ಮನೆಯಾ?" ಅವರಿಗೆ ನಗು ತಡೆಯಲಾಗಲಿಲ್ಲ. "ನಮ್ಮಲ್ಲಿ ಅಪ್ಪನ ಮನೆ ಹೆಸರೇ ನಮ್ಮ ಹೆಸರು. ಅಮ್ಮನ ಅಜ್ಜಿ ಯಾರೂಂತ ಕೇಳಿದ್ರೆ ನಂಗೆ ಗೊತ್ತಿಲ್ಲ. ಆದ್ರೆ ರೋಗಕ್ಕೆ ನಿಮ್ಮ ಕಟ್ಟು, ನಮ್ಮ ಕಟ್ಟು ಅಂತ ಉಂಟಾ?"

ನನಗೆ ಸಿಟ್ಟು ಬಂತು. ಮನೆಯ ರೀತಿಯನ್ನು ಹೊರಗಿನವರು ಆಡಿಕೊಂಡರೆ ಬರುವ ಸಿಟ್ಟು. ಆದರೆ ಮರುದಿನ ಹತ್ತನೆಯ ತರಗತಿಗೆ ಬಟಾಣಿ ಗಿಡಗಳ ಆನುವಂಶಿಕತೆಯ ಪಾಠ ಮಾಡಬೇಕಿತ್ತು. ಎತ್ತರದ ಗಿಡ, ಗಿಡ್ಡ ಗಿಡ, ಹುಟ್ಟುವ ಪ್ರತಿಯೊಂದಕ್ಕೂ ಗುಣದ ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ. ಹತ್ತು ವರ್ಷಗಳಿಂದ ಅದೇ ಚೌಕವನ್ನು ಬೋರ್ಡಿನ ಮೇಲೆ ಬಿಡಿಸಿ ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದವಳು. ಆ ದಿನ 'ತಂದೆಯಿಂದ' ಎಂದು ಬರೆದ ಸುಣ್ಣದ ಕಡ್ಡಿ ಅಲ್ಲಿಯೇ ನಿಂತಿತು. ಬಟಾಣಿಗೆ ಕೊಟ್ಟ ಅಪ್ಪನನ್ನು ನಾನು ನನ್ನ ತಮ್ಮನಿಗೆ ಕೊಟ್ಟಿರಲಿಲ್ಲ.

ಆ ಭಾನುವಾರವೇ ಎರಡು ಬಸ್ಸು ಬದಲಿಸಿ ಸುಳ್ಯಕ್ಕೆ, ಅಲ್ಲಿಂದ ಜೀಪಿನಲ್ಲಿ ಅಜ್ಜಾವರಕ್ಕೆ ಹೋದೆ. ಅಪ್ಪನ ಒಡಹುಟ್ಟಿದವರಲ್ಲಿ ಉಳಿದದ್ದು ಕೊನೆಯ ತಂಗಿ, ನನ್ನ ಅತ್ತೆ ಮಾತ್ರ. ಹದಿನೈದು ವರ್ಷಗಳ ಮೇಲೆ ಬಂದ ನನ್ನನ್ನು ಕಂಡು ಗಲ್ಲ ಹಿಡಿದು, "ಅಣ್ಣನದ್ದೇ ಹಣೆ" ಎಂದರು. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು, ಒಂದೊಂದೇ ಹಪ್ಪಳ ಹರಡುತ್ತಾ, ಮನೆಯವರು ಯಾರು ಯಾರು ಹೇಗೆ ಹೋದರು ಎಂದು ಕೇಳಿದೆ.

ಅವರ ಅಮ್ಮ, ಅಂದರೆ ನಾನು ಕಾಣದ ಅಜ್ಜಿ, ನಲವತ್ತೆರಡಕ್ಕೆ. ರಕ್ತ ಬೀಳುತ್ತಿತ್ತು. ದೊಡ್ಡತ್ತೆ ನಲವತ್ತು ತುಂಬುವ ಮೊದಲು, ಹೊಟ್ಟೆಯಲ್ಲಿ ಮುಷ್ಟಿಯಷ್ಟು ಗಡ್ಡೆ. ಚಿಕ್ಕಪ್ಪ ಮೂವತ್ತಾರಕ್ಕೆ, ಕರುಳು ಕಟ್ಟಿಕೊಂಡು. ಅಜ್ಜಿಯ ಅಣ್ಣನೊಬ್ಬನೂ ಹಾಗೆಯೇ. ಮುಚ್ಚಿಡುವುದಿಲ್ಲ, ಮೊದಲು ನನಗಾದದ್ದು ಒಂದು ಥರದ ಖುಷಿ. ವರ್ಷಗಟ್ಟಲೆ ಅರ್ಧವೇ ಇದ್ದ ಲೆಕ್ಕ ತಾಳೆಯಾದ ಖುಷಿ. ಎರಡನೆಯ ಗಳಿಗೆಗೆ ತಮ್ಮನ ಬೆಲ್ಟು ನೆನಪಾಯಿತು.

"ಅಪ್ಪನಿಗೆ?" ಎಂದೆ.

"ಅವನಿಗೆಂತ ಬರ್ಲಿಲ್ಲ. ಬರ್ಲಿಕ್ಕೆ ಅವ ಇರ್ಲಿಲ್ಲ ಅಲ್ವಾ." ಅತ್ತೆ ಹಪ್ಪಳದ ಮೇಲೆ ಕುಳಿತ ನೊಣ ಓಡಿಸಿದರು. "ಅದು ನಮ್ಮ ಬರಿಗೆ ಅಂಟಿದ ದೋಷ ಮಗಾ. ಜೋಯಿಸರಲ್ಲಿ ಕೇಳಿಸಿ ನೋಡಿಯಾಯ್ತು, ನಾಗನಿಗೆ ತಂಬಿಲ ಕೊಟ್ಟಾಯ್ತು. ನೀವಿಬ್ರೂ ಅಮ್ಮನ ಬರಿ. ನಿಮಗೆ ತಾಗುದಿಲ್ಲ. ಅಣ್ಣನ ಮಕ್ಕಳಾದ್ರೂ ತಪ್ಪಿಸಿಕೊಂಡ್ರಲ್ಲಾ ಅಂತ ನಾನು ದಿನಾ ದೀಪ ಹಚ್ಚುವಾಗ ನೆನೆಸುದು."

ಅವರ ಆ ಒಂದು ಸಮಾಧಾನವನ್ನು ಒಡೆಯಲು ನನಗೆ ಧೈರ್ಯ ಬರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಮಾರನೆಯ ದಿನ ತಮ್ಮನನ್ನು ಮತ್ತೆ ಪುತ್ತೂರಿಗೆ ಎಳೆದುಕೊಂಡು ಹೋಗಿ, ಡಾಕ್ಟರ ಮುಂದೆ ಆ ಪುಟ ಇಟ್ಟೆ. ಅವರು ಎರಡು ಸಲ ಓದಿದರು. "ಇದನ್ನು ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಗದರಿಸಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ನಾನು ವಿವರಿಸಿದೆ. ಅವರೂ ಈ ಊರಿನವರೇ, ಹಾಗಾಗಿ ಅರ್ಥವಾಯಿತು. "ಹಾಗಾದ್ರೆ ನಾನು ಇಷ್ಟು ವರ್ಷ ಎಷ್ಟು ಜನರಿಂದ ಅರ್ಧ ಉತ್ತರ ತಗೊಂಡಿದ್ದೇನೋ" ಎಂದು ತಮಗೆ ತಾವೇ ಹೇಳಿಕೊಂಡು, ಮಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದರು.

ಬೇರಿಯಂ ಕೊಟ್ಟು ತೆಗೆದ ಎಕ್ಸ್‌ರೇಯಲ್ಲಿ ದೊಡ್ಡ ಕರುಳಿನ ಒಂದು ಕಡೆ ಕಚ್ಚಿದ ಸೇಬಿನಂತೆ ಕಾಣುತ್ತಿತ್ತು. ಕ್ಯಾನ್ಸರ್. ಕರುಳಿನ ಗೋಡೆ ದಾಟಿರಲಿಲ್ಲ ಎಂಬುದು ಆಪರೇಷನ್ ಆದ ಮೇಲೆ ತಿಳಿಯಿತು. ಬದುಕುತ್ತಾನೆ, ಆದರೆ ಜೀವಮಾನವಿಡೀ ಪರೀಕ್ಷೆ ಮಾಡಿಸುತ್ತಿರಬೇಕು ಎಂದರು ಅಲ್ಲಿನ ಸರ್ಜನ್. ನಾನೂ ಮಾಡಿಸಬೇಕು, ಅತ್ತೆಯೂ, ಅವರ ಮಕ್ಕಳೂ. ಇದು ಶರೀರದ ಯಾವ ಮೂಲೆಯಲ್ಲಿ ಬರೆದಿರುತ್ತದೆ ಎಂದು ಕೇಳಿದೆ. ಅದು ಇನ್ನೂ ಯಾರಿಗೂ ಗೊತ್ತಾಗಿಲ್ಲ, ಕೆಲವು ಮನೆತನಗಳಲ್ಲಿ ಹೀಗೆ ಇಳಿದು ಬರುತ್ತದೆ ಎಂದಷ್ಟೇ ಗೊತ್ತು ಎಂದರು.

ಆಪರೇಷನ್ ಆದ ಐದನೆಯ ದಿನ ತಮ್ಮ ಗಂಜಿ ಕುಡಿದ. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಅವನ ಮಂಚದ ಪಕ್ಕದಲ್ಲಿ ಕುಳಿತು ನಾನು ಕ್ಯಾಲೆಂಡರಿನ ಹಾಳೆ ತೆಗೆದೆ, ಅಮ್ಮನ ಹೆಸರಿನ ಪಕ್ಕದಲ್ಲಿ ಅಪ್ಪನ ಹೆಸರು ಬರೆದೆ, ಅಲ್ಲಿಂದ ಅಜ್ಜಾವರದ ಕಡೆಗೆ ಗೆರೆ ಎಳೆದೆ. ಅಜ್ಜಿಯ ಹೆಸರನ್ನು ಬರೆಯುವಾಗ ಅವನು ಬಗ್ಗಿ ನೋಡುತ್ತಿದ್ದ.

"ಒಂದು ಒಳ್ಳೇದಾಯ್ತು ಅಕ್ಕ" ಎಂದ. "ನನ್ನ ಮಗಳು ಅವಳಮ್ಮನ ಬರಿ. ಅವಳಿಗೆ ಇದು ತಾಗುದಿಲ್ಲ. ಅಲ್ವಾ?"

ಹಪ್ಪಳ ಹರಡುತ್ತಾ ಅತ್ತೆ ಹೇಳಿದ ಮಾತೇ. ಅವನು ನನ್ನ ತಲೆ ಅಲ್ಲಾಡುವುದನ್ನೇ ಕಾಯುತ್ತಿದ್ದ. ಹೌದು ಎಂದುಬಿಡಲು ನನಗೂ ಮನಸ್ಸಾಯಿತು. ಆದರೆ ಒಂದು ಸಲ ನಾನು ಖಾತ್ರಿಯಿಂದ ಕೊಟ್ಟ ಉತ್ತರಕ್ಕೆ ಅವನ ನಾಲ್ಕು ತಿಂಗಳು ಹೋಗಿತ್ತು.

"ಅಲ್ಲ" ಎಂದೆ. "ಬಂದಿರಬಹುದು, ಬಾರದೆಯೂ ಇರಬಹುದು. ಅರ್ಧಕ್ಕರ್ಧ."

ತಮ್ಮ ಕೈ ಚಾಚಿ ಪೆನ್ನು ತೆಗೆದುಕೊಂಡ. ಏಳು ತಲೆಮಾರಿನಿಂದ ಯಾವ ಗಂಡಸಿನ ಹೆಸರಿನ ಕೆಳಗೂ ಗೆರೆ ಇಳಿಯದ ಆ ಹಾಳೆಯಲ್ಲಿ, ತನ್ನ ಹೆಸರಿನ ಕೆಳಗೆ ಒಂದು ಗೆರೆ ಎಳೆದು ಮಗಳ ಹೆಸರು ಬರೆದ.